ಐದೂವರೆಗೆ ಮುಂಚೆ ಬಂದ ಹಾಲು: ಕೋಡ್ ಬರೆಯುವ ಹೊಸಬರಿಗೊಂದು ಬಹಿರಂಗ ಪತ್ರ

ಈ ವರ್ಷ ಕಾಲೇಜು ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿರುವ ಗೆಳೆಯ ಗೆಳತಿಯರೇ,

ಹೋದ ತಿಂಗಳು ನಮ್ಮ ತಂಡದಲ್ಲಿ ಕೋಡ್ ರಿವ್ಯೂ ನಡೆಯುತ್ತಿತ್ತು. ಸೇರಿ ಮೂರು ತಿಂಗಳಾಗಿದ್ದ ಹುಡುಗನೊಬ್ಬನನ್ನು ಕೇಳಿದೆ: "ಈ ಫಂಕ್ಷನ್ನಿಗೆ ಖಾಲಿ ಪಟ್ಟಿ ಬಂದರೆ ಏನಾಗುತ್ತಪ್ಪ?" ಅವನು ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದ. ಆಮೇಲೆ ಮೆಲ್ಲಗೆ, "ಅದು ಎಐ ಬರೆದದ್ದು ಮೇಡಂ" ಅಂದ. ಅವನು ಸುಳ್ಳು ಹೇಳಲಿಲ್ಲ, ತಪ್ಪಿಸಿಕೊಳ್ಳಲೂ ನೋಡಲಿಲ್ಲ. ನಾನು ಕೇಳಿದ್ದಕ್ಕೆ ಅದೇ ಉತ್ತರ ಎಂದು ಮನಸಾರೆ ನಂಬಿದ್ದ. ಅವತ್ತಿನಿಂದ ನಿಮಗೆಲ್ಲ ಒಂದು ಪತ್ರ ಬರೆಯಬೇಕು ಅನ್ನಿಸುತ್ತಲೇ ಇತ್ತು.

ಎಐ ಬಳಸಬೇಡಿ ಎಂದು ಹೇಳಲು ಬರೆಯುತ್ತಿಲ್ಲ. ನಾನು ಈ ಕೆಲಸಕ್ಕೆ ಬಂದು 19 ವರ್ಷವಾಯಿತು, ಈಗ ದಿನವೂ ಅದರ ಜೊತೆಗೇ ಕೂತು ಕೆಲಸ ಮಾಡುತ್ತೇನೆ. 2021ರ ಜೂನ್‌ನಲ್ಲಿ ಗಿಟ್‌ಹಬ್ ಕೋಪೈಲಟ್ ಮೊದಲು ಕೆಲವರ ಕೈಗೆ ಸಿಕ್ಕಾಗ ಅದು ಮುಂದಿನ ನಾಲ್ಕು ಸಾಲನ್ನು ಊಹಿಸಿ ಕೊಡುತ್ತಿತ್ತು. ಇವತ್ತಿನ ಸಹಾಯಕಗಳು ಇಡೀ ಪ್ರಾಜೆಕ್ಟನ್ನೇ ಓದಿ, ಹತ್ತಾರು ಫೈಲ್ ತಿದ್ದಿ, ಟೆಸ್ಟ್ ಓಡಿಸಿ, ಕೆಲಸ ಮುಗಿಯಿತು ಎಂದು ಹೇಳುತ್ತವೆ. ಎರಡು ದಿನ ಹಿಡಿಯುತ್ತಿದ್ದದ್ದು ಎರಡು ಗಂಟೆಗೆ ಆಗಿದ್ದನ್ನು ನಾನೇ ಕಂಡಿದ್ದೇನೆ. ನಾನು ಹೇಳಬೇಕಾದ್ದು ಆ "ಮುಗಿಯಿತು" ಎಂಬ ಮಾತಿನ ನಂತರದ ಹೊತ್ತಿನ ಬಗ್ಗೆ. ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ. ಇದನ್ನು ನಾನು ಕಲಿತದ್ದು ಒಂದು ಹಾಲಿನ ಡೇರಿಯಿಂದ.

ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘಕ್ಕೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ನಮಗೆ ಬಂದಿತ್ತು. ಸದಸ್ಯರು ಬೆಳಗ್ಗೆ ಮತ್ತು ಸಂಜೆ ಹಾಲು ತರುತ್ತಾರೆ. ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ಅಲ್ಲಿಯೇ ಒಂದು ಚೀಟಿ ಮುದ್ರಿಸಿ ಕೊಡುತ್ತಾರೆ. ಆ ಅಂಕಿಗಳು ಇಂಟರ್‌ನೆಟ್ ಮೂಲಕ ಸರ್ವರ್‌ಗೆ ಹೋಗುತ್ತವೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ. ಕೋಡಿನ ಬಹುಪಾಲನ್ನು ಎಐ ಬರೆಯಿತು, ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟವಳು ನಾನು. ಚೊಕ್ಕವಾದ ಕೋಡ್. ಹೆಸರುಗಳು ಅರ್ಥವಾಗುವಂತಿದ್ದವು, ಪ್ರತಿ ಫಂಕ್ಷನ್ ಮೇಲೂ ವಿವರಣೆಯಿತ್ತು, ಟೆಸ್ಟ್‌ಗಳೆಲ್ಲ ಪಾಸು.

ಒಂದು ತಿಂಗಳಾದ ಮೇಲೆ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ಕೆಲವರ ಬೆಳಗಿನ ಹಾಲು ರಿಪೋರ್ಟಿನಲ್ಲಿ ಹಿಂದಿನ ದಿನಕ್ಕೆ ಬರ್ತಿದೆ ನೋಡಿ ಮೇಡಂ" ಅಂದರು. ನಾನು ಆ ಮಾತನ್ನು ಹಾಗೆಯೇ ಎಐಗೆ ಬರೆದೆ. ಅರ್ಧ ನಿಮಿಷದಲ್ಲಿ ಅದು ಕಾರಣ ವಿವರಿಸಿ, ರಿಪೋರ್ಟ್ ತೋರಿಸುವ ಜಾಗದಲ್ಲಿ ಎರಡು ಸಾಲು ತಿದ್ದಿಕೊಟ್ಟಿತು. ಓಡಿಸಿ ನೋಡಿದೆ, ದಿನಾಂಕ ಸರಿಯಾಗಿತ್ತು. ಕಾರ್ಯದರ್ಶಿಗೂ ಸಮಾಧಾನವಾಯಿತು. ಆ ಎರಡು ಸಾಲು ಯಾಕೆ ಬೇಕಾಯಿತು ಎಂದು ನಾನು ಕೇಳಿಕೊಳ್ಳಲಿಲ್ಲ. ಬಗ್ ಹೋಯಿತಲ್ಲ ಎಂದು ಮುಂದಿನ ಕೆಲಸಕ್ಕೆ ಹೋದೆ.

ಮುಂದಿನ ಬಟವಾಡೆಯ ದಿನ ಹೆಂಗಸೊಬ್ಬರು ಚೀಟಿಗಳನ್ನು ತಂತಿಗೆ ಚುಚ್ಚಿಕೊಂಡು ಡೇರಿಗೆ ಬಂದರಂತೆ. ಹದಿನೈದು ಬೆಳಗಿಗೆ ಹದಿನೈದು ಚೀಟಿ. ಬಟವಾಡೆ ಪಟ್ಟಿಯಲ್ಲಿ ಇದ್ದದ್ದು ಹನ್ನೆರಡು. ಮೂರು ಹೊತ್ತಿನ ಹಾಲು ಇಲ್ಲವೇ ಇಲ್ಲ. ಅವರ ಮನೆಯ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಅರ್ಧ ಮೂಟೆ ಪಶು ಆಹಾರದ ದುಡ್ಡು. "ನಾನು ಸುಳ್ಳು ಹೇಳ್ತೀನಾ, ಕಂಪ್ಯೂಟರ್ ಸುಳ್ಳು ಹೇಳುತ್ತಾ, ನೀವೇ ನೋಡಿ" ಎಂದರಂತೆ. ಕಾರ್ಯದರ್ಶಿ ಆ ಚೀಟಿಗಳ ಫೋಟೋ ತೆಗೆದು ನನಗೆ ಕಳಿಸಿದರು.

ಈ ಸಲ ನಾನು ಎಐ ಮುಚ್ಚಿಟ್ಟು, ಒಂದು ಹಾಳೆ ಪೆನ್ನು ತೆಗೆದುಕೊಂಡೆ. ಚೀಟಿಯ ಮೇಲಿದ್ದ ಹೊತ್ತನ್ನು ದಿನಾಂಕದ ಪ್ರಕಾರ ಒಂದರ ಕೆಳಗೊಂದು ಬರೆದೆ. 5:41, 5:12, 5:08, 5:38, 5:15... ಪಟ್ಟಿಯಲ್ಲಿ ಕಾಣೆಯಾದ ದಿನಗಳಿಗೆ ಸುತ್ತು ಹಾಕಿದೆ. ಐದು ನಿಮಿಷ ಸುಮ್ಮನೆ ನೋಡಿದ ಮೇಲೆ ಕಂಡಿತು: ಕಾಣೆಯಾಗಿದ್ದದ್ದು ತಡವಾಗಿ ಬಂದ ದಿನದ ಹಾಲು, ಅದೂ ಮರುದಿನ ಅವರು ಬೇಗ ಬಂದಿದ್ದರೆ ಮಾತ್ರ. ಬೇಗಕ್ಕೂ ತಡಕ್ಕೂ ನಡುವಿನ ಗೆರೆ ಐದೂವರೆ.

ಭಾರತದ ಗಡಿಯಾರ ಯುಟಿಸಿಗಿಂತ, ಅಂದರೆ ಜಾಗತಿಕ ಪ್ರಮಾಣ ಸಮಯಕ್ಕಿಂತ, ಸರಿಯಾಗಿ ಐದೂವರೆ ಗಂಟೆ ಮುಂದಿದೆ. ನಮ್ಮಲ್ಲಿ ಬೆಳಗ್ಗೆ 5:12 ಆಗಿದ್ದಾಗ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ 11:42. ಎಐ ಬರೆದ ಕೋಡ್ "ಇವತ್ತಿನ ದಿನಾಂಕ ಕೊಡು" ಎಂದು ಕೇಳುತ್ತಿದ್ದದ್ದು ಸರ್ವರ್‌ನ ಗಡಿಯಾರವನ್ನು. ಸರ್ವರ್ ಇದ್ದದ್ದು ಯುಟಿಸಿಯಲ್ಲಿ, ನನ್ನ ಲ್ಯಾಪ್‌ಟಾಪ್ ಇದ್ದದ್ದು ಭಾರತದ ಸಮಯದಲ್ಲಿ. ನಾನು ಬೆಳಗಿನ ಜಾವ ಎದ್ದು ಪರೀಕ್ಷೆ ಮಾಡಿದ್ದರೂ ನನ್ನ ಮೇಜಿನ ಮೇಲೆ ಈ ಬಗ್ ಕಾಣುತ್ತಿರಲಿಲ್ಲ. ಸಂಜೆಯ ಹಾಲಿಗೆ ತೊಂದರೆಯಿಲ್ಲ, ಐದೂವರೆ ದಾಟಿ ಬಂದವರಿಗೂ ಇಲ್ಲ. ಅದಕ್ಕೂ ಮುಂಚೆ ಬಂದವರ ಹಾಲು ಮಾತ್ರ ಹಿಂದಿನ ದಿನದ ಖಾತೆಗೆ ಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಹಾಲು ದಿನ ತಪ್ಪುತ್ತಿತ್ತು, ಕಳೆದುಹೋಗುತ್ತಿರಲಿಲ್ಲ. ಕಳೆಯುವಂತೆ ಮಾಡಿದ್ದು ಇನ್ನೊಂದು ಒಳ್ಳೆಯ ಏರ್ಪಾಡು. ಹಳ್ಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಒಂದೇ ದಾಖಲೆ ಎರಡು ಸಲ ಬರಬಹುದು. ಹಾಗಾಗಿ ಅದೇ ಸದಸ್ಯರು, ಅದೇ ದಿನ, ಅದೇ ಹೊತ್ತು (ಬೆಳಗ್ಗೆ ಅಥವಾ ಸಂಜೆ) ಮತ್ತೆ ಬಂದರೆ ಹಳೆಯದರ ಮೇಲೆ ಹೊಸದನ್ನು ಬರೆಯಬೇಕು ಎಂದು ಕೋಡ್ ಹೇಳುತ್ತಿತ್ತು. ಈಗ ನೋಡಿ: 14ನೇ ತಾರೀಕು 5:41ಕ್ಕೆ ಬಂದ ಹಾಲು 14ರ ಬೆಳಗ್ಗೆ ಎಂದು ದಾಖಲಾಯಿತು. 15ನೇ ತಾರೀಕು 5:12ಕ್ಕೆ ಬಂದ ಹಾಲೂ 14ರ ಬೆಳಗ್ಗೆ ಎಂದೇ ಬಂತು. ಹಳೆಯದರ ಮೇಲೆ ಹೊಸದು ಕೂತಿತು, ಹದಿನಾಲ್ಕನೇ ತಾರೀಕಿನ ಹಾಲು ಅಳಿಸಿಹೋಯಿತು. ನಾನು ಒಪ್ಪಿದ್ದ ಆ ಎರಡು ಸಾಲಿನ ತಿದ್ದುಪಡಿ ರಿಪೋರ್ಟಿನಲ್ಲಿ ಕಾಣುವ ದಿನಾಂಕವನ್ನು ಮಾತ್ರ ಸರಿಮಾಡಿ, ಕೆಳಗಿನ ಡೇಟಾಬೇಸನ್ನು ಹಾಗೆಯೇ ಬಿಟ್ಟಿತ್ತು. ಮೊದಲು ಕಣ್ಣಿಗೆ ಬೀಳುತ್ತಿದ್ದ ತಪ್ಪು ಆಮೇಲೆ ಬೀಳದಂತಾಯಿತು. ಇದು ಮೂಲ ಬಗ್‌ಗಿಂತ ದೊಡ್ಡ ತಪ್ಪು, ಅದು ನನ್ನದು.

ಈ ಕತೆಯನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಆ ಕೋಡಿನಲ್ಲಿ ಬಿಡಿಬಿಡಿಯಾಗಿ ನೋಡಿದರೆ ತಪ್ಪೆನ್ನುವ ಸಾಲು ಒಂದೂ ಇರಲಿಲ್ಲ. ದಿನಾಂಕ ಕೇಳುವ ಸಾಲು ಸಾವಿರ ಪುಸ್ತಕಗಳಲ್ಲಿ ಇರುವಂಥದ್ದು. ಮೇಲೆ ಬರೆಯುವ ಸಾಲು ಒಳ್ಳೆಯ ಎಂಜಿನಿಯರ್ ಬರೆಯುವಂಥದ್ದು. ಎರಡೂ ಸೇರಿ, ಯುಟಿಸಿ ಸರ್ವರ್ ಮೇಲೆ, ಐದೂವರೆಯ ಆಚೆ ಈಚೆ ಹಾಲು ತರುವ ಒಬ್ಬರಿಗೆ ಅನ್ಯಾಯ ಮಾಡಿದವು. ಡೇರಿಯ ಶಟರ್ ಐದಕ್ಕೇ ಏಳುತ್ತದೆ ಎಂಬುದು ಎಐಗೆ ಗೊತ್ತಿರಲಿಲ್ಲ, ಯಾರೂ ಅದಕ್ಕೆ ಹೇಳಿರಲಿಲ್ಲ. ನನಗೆ ಗೊತ್ತಿತ್ತು. ಆದರೆ ಕೋಡ್ ಓದುವಾಗ ಆ ತಿಳಿವಳಿಕೆಯನ್ನು ನಾನು ಪಕ್ಕಕ್ಕಿಟ್ಟಿದ್ದೆ.

ನಾವು ಸುಲಭವಾಗಿ ಮೋಸಹೋಗುವುದು ಇಲ್ಲಿಯೇ. ಹೊಸಬರ ಕೋಡಿನಲ್ಲಿ ತಪ್ಪಿದ್ದರೆ ಮೊದಲು ಬೇರೆ ಸುಳಿವುಗಳು ಸಿಗುತ್ತವೆ: ಹೆಸರುಗಳು ಗೊಂದಲ, ಇಂಡೆಂಟ್ ಓರೆಕೋರೆ, ಅರ್ಧ ಬರೆದು ಬಿಟ್ಟ ಭಾಗ. ಅನುಮಾನ ತಾನಾಗಿ ಏಳುತ್ತದೆ. ಎಐ ಬರೆದದ್ದರಲ್ಲಿ ಸರಿಯಾದ ಸಾಲೂ ತಪ್ಪು ಸಾಲೂ ಒಂದೇ ಅಂದದಲ್ಲಿ, ಒಂದೇ ಧೈರ್ಯದಲ್ಲಿ ನಿಂತಿರುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದನ್ನು ಇಷ್ಟು ನೇರವಾಗಿ ಅನುಭವಿಸಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ಇದು ನನ್ನೊಬ್ಬಳ ಅನುಭವವೂ ಅಲ್ಲ. 2021ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಕೋಪೈಲಟ್‌ಗೆ ಭದ್ರತೆಗೆ ಸಂಬಂಧಿಸಿದ 89 ಸನ್ನಿವೇಶ ಕೊಟ್ಟು 1,689 ಪ್ರೋಗ್ರಾಂ ಬರೆಸಿದರು. ಸುಮಾರು ಶೇಕಡಾ 40ರಷ್ಟರಲ್ಲಿ ಭದ್ರತೆಯ ಲೋಪವಿತ್ತು. ಎಐ ಮಾದರಿಗಳು ಅಲ್ಲಿಂದ ಬಹಳ ಸುಧಾರಿಸಿವೆ, ಆ ಅಂಕಿಯನ್ನು ಇವತ್ತಿಗೆ ಹಾಗೇ ಹಚ್ಚುವುದು ನ್ಯಾಯವಲ್ಲ. ನನ್ನನ್ನು ಹೆಚ್ಚು ಕಾಡುವುದು ಮರುವರ್ಷ ಸ್ಟ್ಯಾನ್‌ಫರ್ಡ್‌ನವರು ಕಂಡುಕೊಂಡದ್ದು: ಎಐ ಸಹಾಯಕ ಬಳಸಿದವರ ಕೋಡ್ ಹೆಚ್ಚು ಅಸುರಕ್ಷಿತವಾಗಿತ್ತು, ಆದರೆ ತಮ್ಮ ಕೋಡ್ ಸುರಕ್ಷಿತವಾಗಿದೆ ಎಂದು ಹೆಚ್ಚಾಗಿ ನಂಬಿದ್ದವರೂ ಅವರೇ. 2025ರ ಜುಲೈನಲ್ಲಿ ಮೀಟರ್ ಎಂಬ ಸಂಸ್ಥೆ ಪ್ರಕಟಿಸಿದ ಅಧ್ಯಯನವೂ ಇಂಥದ್ದೇ. ತಾವೇ ವರ್ಷಗಟ್ಟಲೆ ಬೆಳೆಸಿದ ಓಪನ್ ಸೋರ್ಸ್ ಯೋಜನೆಗಳಲ್ಲಿ 16 ಮಂದಿ ಅನುಭವಿಗಳು 246 ಕೆಲಸ ಮಾಡಿದರು. ಎಐ ಬಳಸಿದಾಗ ಅವರಿಗೆ ಶೇಕಡಾ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೂ ಅವರು ಶೇಕಡಾ 20ರಷ್ಟು ಬೇಗ ಮುಗಿಸಿದೆವು ಎಂದೇ ಅಂದುಕೊಂಡಿದ್ದರು. 16 ಜನರ ಅಧ್ಯಯನದಿಂದ ಲೋಕದ ತೀರ್ಮಾನ ಮಾಡಲಾಗದು. ಆದರೆ ಅನುಭವಿಗಳಿಗೇ ತಮ್ಮ ವೇಗದ ಅಂದಾಜು ತಪ್ಪುತ್ತದೆ ಎಂದಾದರೆ, "ನನಗೆ ಸರಿ ಅನ್ನಿಸಿತು" ಎಂಬ ಮಾತನ್ನು ನೀವೂ ನಾನೂ ಪುರಾವೆಯಾಗಿ ಒಪ್ಪಬಾರದು.

ಟೆಸ್ಟ್‌ಗಳೆಲ್ಲ ಪಾಸಾಗಿದ್ದವಲ್ಲ ಎಂದು ನೀವು ಕೇಳಬಹುದು. ಆಗಿದ್ದವು. ಆ ಟೆಸ್ಟ್‌ಗಳನ್ನೂ ಅದೇ ಎಐ ಬರೆದಿತ್ತು. ಪ್ರಶ್ನೆಪತ್ರಿಕೆಯನ್ನೂ ಉತ್ತರಪತ್ರಿಕೆಯನ್ನೂ ಒಬ್ಬರೇ ಬರೆದರೆ ಅವರಿಗೆ ಗೊತ್ತಿಲ್ಲದ ಪ್ರಶ್ನೆ ಬರುವುದು ಎಲ್ಲಿಂದ? ಅದೇ ಸಾಫ್ಟ್‌ವೇರ್‌ನ ಇನ್ನೊಂದು ಮೂಲೆ ತೋರಿಸುತ್ತೇನೆ, ಇದನ್ನು ನೀವು ಈಗಲೇ ನಿಮ್ಮ ಕಂಪ್ಯೂಟರಿನಲ್ಲಿ ಮಾಡಿ ನೋಡಬಹುದು. ಸದಸ್ಯರ ಹೆಸರಿನಲ್ಲಿ ಅಂಕಿಗಳು ನುಸುಳದಿರಲಿ ಎಂದು ಎಐ ಪೈಥಾನಿನ isalpha ಎಂಬ ಫಂಕ್ಷನ್ ಬಳಸಿತ್ತು. ಬಂದದ್ದೆಲ್ಲ ಅಕ್ಷರವೇ ಹೌದೋ ಎಂದು ಅದು ಹೇಳುತ್ತದೆ. ಟೆಸ್ಟ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದ ಹೆಸರುಗಳಿದ್ದವು, ಪಾಸಾದವು. ನಮ್ಮ ಹುಡುಗಿಯೊಬ್ಬಳು ಕನ್ನಡದಲ್ಲೂ ನೋಡೋಣ ಎಂದು "ಕಮಲ" ಎಂದು ಕೊಟ್ಟಳು. ಅದೂ ಪಾಸಾಯಿತು. ಆದರೆ "ಸರಸ್ವತಿ" ಎಂದು ಕೊಟ್ಟು ನೋಡಿ, ಅಕ್ಷರವಲ್ಲ ಎನ್ನುತ್ತದೆ. "ಕನ್ನಡ" ಎಂದು ಕೊಟ್ಟರೂ ಅಷ್ಟೇ.

ಕಾರಣ ಸರಳ. ಯೂನಿಕೋಡ್ ಲೆಕ್ಕದಲ್ಲಿ ಕ, ಮ, ಲ ಇವು ಅಕ್ಷರಗಳು. ಗುಣಿತದ ಚಿಹ್ನೆ ಮತ್ತು ಒತ್ತಕ್ಷರ ಮಾಡಿಸುವ ಅರ್ಧಚಿಹ್ನೆ ಬೇರೆ ವರ್ಗಕ್ಕೆ ಸೇರಿದವು. "ಕನ್ನಡ" ನಮ್ಮ ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ ಐದು ಸಂಕೇತ: ಕ, ನ, ಅರ್ಧಚಿಹ್ನೆ, ನ, ಡ. ಗುಣಿತ ಒತ್ತು ಏನೂ ಇಲ್ಲದ ಕಮಲ, ಗಗನ, ಜನಕ ಇವರು ಮಾತ್ರ ಒಳಗೆ ಬರುತ್ತಾರೆ, ಊರಿನ ಉಳಿದವರೆಲ್ಲ ಹೊರಗೆ. ಇದೇ ಬಗೆಯಲ್ಲಿ, ಹೆಸರನ್ನು ಇಂತಿಷ್ಟು ಉದ್ದಕ್ಕೆ ಕತ್ತರಿಸುವ ಕೋಡ್ ಒತ್ತಕ್ಷರದ ನಡುವೆಯೇ ಕತ್ತರಿ ಹಾಕಬಹುದು. "ಕೊ" ಎಂಬುದನ್ನು ಎರಡು ರೀತಿಯಲ್ಲಿ ಸಂಕೇತಿಸಬಹುದು. ಪರದೆಯ ಮೇಲೆ ಒಂದೇ ಥರ ಕಾಣುವ ಎರಡು ಹೆಸರು ಹೋಲಿಸಿದರೆ ಬೇರೆ ಬೇರೆ ಎನ್ನಿಸುತ್ತವೆ, ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ. ಇದೆಲ್ಲ ಎಐಗೆ ಗೊತ್ತಿಲ್ಲ ಎಂದಲ್ಲ. ಕೇಳಿದರೆ ಚೆನ್ನಾಗಿ ವಿವರಿಸುತ್ತದೆ. ಕೇಳಬೇಕು ಎಂದು ನಮಗೆ ಹೊಳೆಯಬೇಕು, ಕನ್ನಡ ಓದುವ ಬರೆಯುವ ನಿಮಗೆ ಅದು ಬೇರೆಯವರಿಗಿಂತ ಮೊದಲು ಹೊಳೆಯಬೇಕು.

ಹಾಗಾಗಿ ನನ್ನ ಮೊದಲ ಕೋರಿಕೆ: ಟೆಸ್ಟ್‌ಗೆ ಬೇಕಾದ ಉದಾಹರಣೆಗಳನ್ನು ಎಐಯಿಂದ ತೆಗೆದುಕೊಳ್ಳಬೇಡಿ, ಆ ಸಾಫ್ಟ್‌ವೇರ್ ಓಡುವ ಜಾಗದಿಂದ ತನ್ನಿ. ಡೇರಿಯಾದರೆ ಬೆಳಗಿನ ಐದು ಗಂಟೆ. ಅಂಗಡಿಯಾದರೆ ಮಾರ್ಚ್ 31ರ ರಾತ್ರಿ ಹನ್ನೆರಡರ ಬಿಲ್ಲು. ತಾರೀಕು ಬರೆಯುವ ಜಾಗವಾದರೆ 03/04/2025: ನಮಗೆ ಅದು ಏಪ್ರಿಲ್ 3, ಜಾವಾಸ್ಕ್ರಿಪ್ಟ್‌ಗೆ ಹಾಗೇ ಕೊಟ್ಟರೆ ಮಾರ್ಚ್ 4. ಹನ್ನೆರಡನೇ ತಾರೀಕಿನವರೆಗೆ ಸದ್ದಿಲ್ಲದೆ ತಪ್ಪು ಲೆಕ್ಕ, ಹದಿಮೂರರಿಂದ "Invalid Date". ದುಡ್ಡಿನ ಲೆಕ್ಕವಾದರೆ ಪೈಥಾನಿನಲ್ಲಿ 2.675ನ್ನು ಎರಡು ದಶಾಂಶಕ್ಕೆ ರೌಂಡ್ ಮಾಡಿ ನೋಡಿ. 2.68 ಅಲ್ಲ, 2.67 ಬರುತ್ತದೆ, ಏಕೆಂದರೆ ಆ ಸಂಖ್ಯೆ ದ್ವಿಮಾನದಲ್ಲಿ ಒಂದು ಕೂದಲೆಳೆ ಕಡಿಮೆಯಾಗಿ ಕೂತಿರುತ್ತದೆ. ಒಂದು ಬಿಲ್ಲಿನಲ್ಲಿ ಒಂದು ಪೈಸೆ. ಎಷ್ಟು ಬಿಲ್ಲು ಎಂದು ನೀವೇ ಲೆಕ್ಕ ಹಾಕಿ.

ಎರಡನೆಯದು, ಬಗ್ ಬಂದಾಗ ಎರರ್ ಮೆಸೇಜನ್ನು ಕಾಪಿ ಮಾಡಿ ಎಐಗೆ ಅಂಟಿಸುವ ಮುಂಚೆ ಸ್ವಲ್ಪ ನಿಲ್ಲಿ. ಮೊದಲು ಆ ತಪ್ಪನ್ನು ನೀವು ಬೇಕೆಂದಾಗ ಬರಿಸಲು ಸಾಧ್ಯವೇ ನೋಡಿ. ಡೇರಿಯ ಬಗ್ಗನ್ನು ನಾನು ಹಿಡಿದೆ ಅನ್ನಿಸಿದ್ದು ಕಾರಣ ಊಹಿಸಿದಾಗಲ್ಲ. ಟೆಸ್ಟ್ ಸರ್ವರ್‌ನಲ್ಲಿ ಒಂದು ದಿನ 5:41ಕ್ಕೆ, ಮರುದಿನ 5:12ಕ್ಕೆ ದಾಖಲೆ ಕಳಿಸಿ, ನನ್ನ ಕಣ್ಣೆದುರು ಒಂದು ಸಾಲು ಮಾಯವಾದಾಗ. ಆ ಎರಡು ದಾಖಲೆಯ ಒಂದು ಟೆಸ್ಟ್ ಬರೆದೆ, ಅದು ಫೇಲಾಯಿತು. ಫೇಲಾದದ್ದನ್ನು ನೋಡಿದ ಮೇಲೆಯೇ ಕೋಡಿಗೆ ಕೈ ಹಾಕಿದ್ದು. ದಿನಾಂಕ ತೆಗೆಯುವ ಮುಂಚೆ ಸಮಯವನ್ನು ಭಾರತದ ಕಾಲವಲಯಕ್ಕೆ ತರುವ ಒಂದೇ ಸಾಲು ಸಾಕಾಯಿತು. ಮೊದಲು ಹಾಕಿದ್ದ ಎರಡು ಸಾಲನ್ನು ಕಿತ್ತು ಹಾಕಿದೆ. ಡಿಬಗರ್ ಬಳಸುವುದನ್ನು ಕಲಿಯಿರಿ, ಬ್ರೇಕ್‌ಪಾಯಿಂಟ್ ಇಟ್ಟು ಒಂದೊಂದೇ ಹೆಜ್ಜೆ ಮುಂದೆ ಹೋಗಿ, ಪ್ರತಿ ಹೆಜ್ಜೆಯಲ್ಲೂ ವೇರಿಯೇಬಲ್ ಒಳಗೆ ಏನಿದೆ ಎಂದು ಮೊದಲು ಮನಸ್ಸಿನಲ್ಲಿ ಹೇಳಿಕೊಂಡು ಆಮೇಲೆ ನೋಡಿ. ನಿಮ್ಮ ಊಹೆ ತಪ್ಪಾದ ಜಾಗದಲ್ಲೇ ಬಗ್ ಇರುತ್ತದೆ. ನಿನ್ನೆ ಸರಿಯಿದ್ದದ್ದು ಇವತ್ತು ಕೆಟ್ಟಿದ್ದರೆ ಗಿಟ್ ಬೈಸೆಕ್ಟ್ ಇದೆ, ನೂರು ಕಮಿಟ್‌ಗಳ ನಡುವೆ ಕೆಡಿಸಿದ್ದನ್ನು ಏಳೇ ಹೆಜ್ಜೆಯಲ್ಲಿ ತೋರಿಸುತ್ತದೆ.

ಎಐ ತಿದ್ದಿಕೊಟ್ಟಾಗ ಏನು ಬದಲಾಯಿತು ಎಂಬುದನ್ನು ಸಾಲು ಸಾಲಾಗಿ ಓದಿ. ಎರರ್ ಬಂದರೆ ನುಂಗಿ ಮುಂದೆ ಹೋಗು ಎನ್ನುವ ಸಾಲು ಎಲ್ಲಾದರೂ ಸೇರಿದೆಯೇ ನೋಡಿ; ನೋವಿಗೆ ಮಾತ್ರೆ ಕೊಟ್ಟು ಗಾಯವನ್ನು ಹಾಗೇ ಬಿಟ್ಟಂತೆ ಅದು. ಟೆಸ್ಟ್ ಪಾಸಾಗುವಂತೆ ಮಾಡು ಎಂದಾಗ ಕೋಡ್ ಬಿಟ್ಟು ಟೆಸ್ಟನ್ನೇ ತಿದ್ದಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಎಐ ಹೊಸ ಪ್ಯಾಕೇಜ್ ಹಾಕು ಎಂದರೆ ಅದು ನಿಜವಾಗಿ ಇದೆಯೇ, ಯಾರು ಬರೆದದ್ದು ಎಂದು ನೋಡದೆ ಇನ್‌ಸ್ಟಾಲ್ ಮಾಡಬೇಡಿ. 16 ಎಐ ಮಾದರಿಗಳಿಂದ 5.76 ಲಕ್ಷ ಕೋಡ್ ತುಣುಕು ಬರೆಸಿ ನೋಡಿದ ಅಧ್ಯಯನವೊಂದರಲ್ಲಿ, ಅವು ಹೇಳಿದ ಪ್ಯಾಕೇಜುಗಳಲ್ಲಿ ಐದಕ್ಕೆ ಒಂದರಷ್ಟು ಲೋಕದಲ್ಲೇ ಇರಲಿಲ್ಲ. ಆ ಇಲ್ಲದ ಹೆಸರಿನಲ್ಲಿ ಕೆಟ್ಟ ಕೋಡ್ ಇಟ್ಟು ಕಾಯುವವರಿಗೆ ಇದು ತೆರೆದ ಬಾಗಿಲು.

ಬೇರೆಯವರ ಕೋಡನ್ನು ನಂಬಿ ಕೆಡುವುದು ಎಐಯಿಂದ ಶುರುವಾದದ್ದೂ ಅಲ್ಲ. 1996ರ ಜೂನ್ 4ರಂದು ಯುರೋಪಿನ ಆರಿಯಾನ್ 5 ರಾಕೆಟ್ ಮೊದಲ ಹಾರಾಟದ ಸುಮಾರು 40 ಸೆಕೆಂಡಿಗೆ ದಾರಿ ತಪ್ಪಿ ಸಿಡಿದುಹೋಯಿತು. ಆರಿಯಾನ್ 4ರಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದಿದ್ದ ಕೋಡನ್ನು ಹೊಸ ರಾಕೆಟ್‌ಗೆ ಹಾಗೇ ತಂದಿದ್ದರು. ಹೊಸ ರಾಕೆಟ್‌ನ ವೇಗ ಹೆಚ್ಚು, 64 ಬಿಟ್ಟಿನ ಸಂಖ್ಯೆ 16 ಬಿಟ್ಟಿನ ಜಾಗದಲ್ಲಿ ಹಿಡಿಸಲಿಲ್ಲ. ಆ ಲೆಕ್ಕ ಮೇಲೇರಿದ ಮೇಲೆ ಆರಿಯಾನ್ 5ಕ್ಕೆ ಬೇಕಾಗಿಯೂ ಇರಲಿಲ್ಲ. ಬೇರೆ ಜಾಗದಲ್ಲಿ ಸರಿಯಾದದ್ದು ಇಲ್ಲಿಯೂ ಸರಿಯೇ ಎಂದು ಯಾರೋ ಕೂತು ನೋಡಬೇಕಿತ್ತು. ಇವತ್ತು ನಿಮ್ಮ ಮುಂದೆ ಎಐ ಇಡುವ ಫಂಕ್ಷನ್ನೂ ಬೇರೆ ಜಾಗದಲ್ಲಿ ಸರಿಯಾಗಿದ್ದದ್ದೇ ಇರಬಹುದು.

ನಿಮ್ಮ ಮೇಲೆ ಇರುವ ಒತ್ತಡ ನನಗೆ ಗೊತ್ತಿದೆ. ಎಐ ಇದೆಯಲ್ಲ, ಸಂಜೆಯೊಳಗೆ ಮುಗಿಸಿ ಎನ್ನುವವರು ಎಲ್ಲ ಕಡೆ ಇದ್ದಾರೆ. ಪಕ್ಕದವರು ದಿನಕ್ಕೆ ನಾಲ್ಕು ಟಿಕೆಟ್ ಮುಚ್ಚುವಾಗ ನೀವು ಒಂದನ್ನು ಹಿಡಿದು ಕೂತರೆ ಹಿಂದುಳಿದೆ ಅನ್ನಿಸುತ್ತದೆ. ನನ್ನಂಥ ಹಿರಿಯರಿಗೂ ಇಲ್ಲೊಂದು ಮಾತು ಹೇಳಲೇಬೇಕು: ಬರೆಯುವ ಸಮಯ ಉಳಿದಿದೆ ಎಂದು ಓದುವ ಸಮಯವನ್ನೂ ಕಿತ್ತುಕೊಳ್ಳಬೇಡಿ. ಎಂಟುನೂರು ಸಾಲಿನ ಬದಲಾವಣೆಯನ್ನು ಹತ್ತು ನಿಮಿಷದಲ್ಲಿ ಒಪ್ಪುವ ರಿವ್ಯೂ ರಿವ್ಯೂ ಅಲ್ಲ. ಹೊಸಬರೇ, ನೀವು ಬದಲಾವಣೆಗಳನ್ನು ಚಿಕ್ಕದಾಗಿ ಕಳಿಸಿ. ಜೊತೆಗೆ, ನಿಮ್ಮ ಕೈಯಾರೆ ಏನೇನು ಪರೀಕ್ಷಿಸಿದಿರಿ ಎಂದು ಎರಡು ಸಾಲು ಬರೆಯಿರಿ. ಒಂದು ಸಾಲು ಯಾಕಿದೆ ಎಂದು ನಿಮಗೆ ಗೊತ್ತಾಗದಿದ್ದರೆ ಅದನ್ನು ಒಳಗೆ ಬಿಡಬೇಡಿ. "ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ" ಎಂಬ ಉತ್ತರಕ್ಕೆ ನಾನು ಯಾವತ್ತೂ ಬೇಸರಪಟ್ಟಿಲ್ಲ. "ಅದು ಎಐ ಬರೆದದ್ದು" ಎಂದರೆ ಮುಂದೆ ಯಾರನ್ನು ಕೇಳಬೇಕೋ ತಿಳಿಯುವುದಿಲ್ಲ. ಹೆಸರು ನಿಮ್ಮದು, ಕಮಿಟ್ ನಿಮ್ಮದು, ಉತ್ತರವೂ ನಿಮ್ಮದೇ ಆಗಬೇಕು.

ಮೊದಲಿಗೆ ಹೇಳಿದೆನಲ್ಲ, ಆ ಹುಡುಗ ರಿವ್ಯೂ ಆದ ಮರುದಿನ ಬೆಳಗ್ಗೆ ನನ್ನ ಮೇಜಿನ ಹತ್ತಿರ ಬಂದ. ಖಾಲಿ ಪಟ್ಟಿ ಕೊಟ್ಟು ನೋಡಿದ್ದ. "ಸೊನ್ನೆಯಿಂದ ಭಾಗಿಸುತ್ತೆ ಮೇಡಂ, ಕ್ರ್ಯಾಶ್ ಆಗುತ್ತೆ. ಸರಿ ಮಾಡಿದೀನಿ, ಟೆಸ್ಟೂ ಹಾಕಿದೀನಿ" ಅಂದ. ಅವನು ಒಳ್ಳೆಯ ಎಂಜಿನಿಯರ್ ಆಗುತ್ತಾನೆ.

ಡೇರಿಯ ವಿಷಯದಲ್ಲಿ ಕೋಡ್ ಸರಿಮಾಡಿದ ಮೇಲೂ ಒಂದು ಕೆಲಸ ಉಳಿದಿತ್ತು. ಅಳಿಸಿಹೋದ ದಾಖಲೆಗಳನ್ನು ಸರ್ವರ್‌ನಿಂದ ವಾಪಸ್ ತರಲು ದಾರಿಯಿರಲಿಲ್ಲ. ಕಾರ್ಯದರ್ಶಿ ಮತ್ತು ನಾನು ಎರಡು ದಿನ ಡೇರಿಯಲ್ಲಿ ಕೂತು, ಸದಸ್ಯರು ತಂದ ಚೀಟಿಗಳನ್ನು ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿದೆವು. ಚೀಟಿ ಇಟ್ಟುಕೊಂಡಿದ್ದವರಿಗೆಲ್ಲ ಬಾಕಿ ಹಣ ಸಿಕ್ಕಿತು. ಚೀಟಿ ಬಿಸಾಡಿದ್ದವರು ಎಷ್ಟು ಜನ, ಅವರ ಹಾಲು ಎಷ್ಟು ಲೀಟರ್ ಎಂಬುದು ಇವತ್ತಿಗೂ ಗೊತ್ತಾಗಿಲ್ಲ.

ಇಂತಿ,
ನಿಮ್ಮ ಹಿರಿಯ ಸಹೋದ್ಯೋಗಿ